ಒತ್ತಕ್ಷರದ ಬಾಲ

ಯಾವ ಊರಿಗೆ ಹೋದರೂ ನಾನು ಮೊದಲು ನೋಡುವುದು ಅಲ್ಲಿಯ ಗೋಡೆಗಳನ್ನು. ಮನುಷ್ಯರ ಸರದಿ ಆಮೇಲೆ. ಇದು ಒಳ್ಳೆಯ ಗುಣವಲ್ಲ ಎಂದು ನನ್ನ ಹೆಂಡತಿ ಬದುಕಿರುವ ತನಕ ಹೇಳುತ್ತಿದ್ದಳು. ಬೀಗರು ಬಾಗಿಲಲ್ಲಿ ಕೈ ಮುಗಿದು ನಿಂತಿದ್ದರೆ, ನಾನು ಅವರ ತಲೆಯ ಮೇಲಿನ ‘ಸುಸ್ವಾಗತ’ದಲ್ಲಿ ವಕಾರದ ಒತ್ತು ಸೊಟ್ಟಗಾಗಿರುವುದನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಬೀಗರು ಮುಗಿದ ಕೈಯನ್ನು ಇಳಿಸಬೇಕೋ ಬೇಡವೋ ಎಂದು ಪೇಚಾಡುತ್ತಿದ್ದರು. ಈಗ ಹೆಂಡತಿಯೂ ಇಲ್ಲ, ಕರೆಯುವ ಬೀಗರೂ ಕಡಿಮೆ. ಗೋಡೆಗಳು ಮಾತ್ರ ಇವೆ. ಅವುಗಳ ಮೇಲೆಯೂ ಈಗ ಓದಲಿಕ್ಕೆ ಏನೂ ಇಲ್ಲ.

ನಾನು ಅಣ್ಣಿಗೇರಿಯಲ್ಲಿ ಮೂವತ್ತೆಂಟು ವರ್ಷ ಗೋಡೆ ಬರೆದವನು. ಮ್ಯಾಟ್ರಿಕ್ ತನಕ ಓದಿದೆ; ಆಮೇಲೆ ಓದಿದ್ದೆಲ್ಲ ನಾನೇ ಬರೆದದ್ದು. ಸಿಮೆಂಟು, ಬೀಜ, ಗೊಬ್ಬರ, ಹಲ್ಲುಪುಡಿ, ಎರಡು ಬೇಕೋ ಮೂರು ಬೇಕೋ ಮಕ್ಕಳು ಎಂಬ ಸರಕಾರದ ಸಲಹೆ, ಎಲ್ಲವನ್ನೂ ಬರೆದಿದ್ದೇನೆ. ನಿಚ್ಚಣಿಕೆ ಏರಿ ಬರೆಯುವವನಿಗೆ ಒಂಟಿತನವೆಂಬುದು ಇರುತ್ತಿರಲಿಲ್ಲ. ಕೆಳಗೆ ನಾಲ್ಕು ಮಂದಿ ನಿಂತು, “ಅದು ಸ್ವಲ್ಪ ಎಡಕ್ಕ ಬಂತು ನೋಡೋ” ಎಂದು ಹೇಳಲೇಬೇಕು. ಆಗ ಅವರ ಕಾಟಕ್ಕೆ ಸಿಟ್ಟು ಬರುತ್ತಿತ್ತು. ಆಮೇಲೆ ಫ್ಲೆಕ್ಸ್ ಬಂತು. ಯಂತ್ರದಿಂದ ಒಂದು ತಾಸಿನಲ್ಲಿ ಹೊರಬರುವ ಅಕ್ಷರಕ್ಕೆ ಯಾರೂ ಎಡ ಬಲ ಹೇಳುವುದಿಲ್ಲ. ಈಗ ನಾನು ಸಂಜೆ ಬಸ್ ಸ್ಟ್ಯಾಂಡಿನ ಎದುರಿಗಿನ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು, ಒಂದೇ ಕಪ್ ಚಹಾವನ್ನು ಕತ್ತಲಾಗುವ ತನಕ ಕುಡಿಯುತ್ತೇನೆ. ಅಂಗಡಿಯ ಮುದಕಪ್ಪ ಒಳ್ಳೆಯವನು, ಎಬ್ಬಿಸುವುದಿಲ್ಲ. ಮಾತನಾಡಿಸುವುದೂ ಇಲ್ಲ.

ಗೋಡೆ ಬರೆಯದವರಿಗೆ ಒಂದು ಸಂಗತಿ ಗೊತ್ತಿರಲಿಕ್ಕಿಲ್ಲ. ಇಂಗ್ಲಿಷ್ ಅಕ್ಷರ ಪೊಲೀಸರ ಹಾಗೆ ಸಾಲಾಗಿ ನಿಲ್ಲುತ್ತದೆ. ಒಂದು ಗೆರೆ ಹೊಡೆದರೆ ಮುಗಿಯಿತು. ಕನ್ನಡದ್ದು ಹಾಗಲ್ಲ, ಅದು ತುಂಬಿದ ಸಂಸಾರ. ತಲೆಗೆ ತಲಕಟ್ಟು, ಮೇಲೆ ಗುಡಿಸು, ಬಲಕ್ಕೆ ಕೊಂಬು, ಕೆಳಗೆ ಒತ್ತಕ್ಷರ. ಹೊಸಬ ಪೇಂಟರ್ ಮೇಲಿನದನ್ನೆಲ್ಲ ಚಂದಾಗಿ ಬರೆದು, ಒತ್ತಿಗೆ ಜಾಗ ಬಿಟ್ಟಿರುವುದಿಲ್ಲ. ಕೊನೆಗೆ ‘ಅಕ್ಕಿ’ಯ ಕೆಳಗಿನ ಕಕಾರ ಗಟಾರದಲ್ಲಿ ಕಾಲು ಇಳಿಬಿಟ್ಟು ಕೂಡುತ್ತದೆ. ನಮ್ಮೂರ ಹಳೆಯ ಗುಡಿಯಲ್ಲಿ ಒಂದು ಶಾಸನದ ಕಲ್ಲಿದೆ. ಅದನ್ನು ಓದಲು ನನಗೆ ಬರುವುದಿಲ್ಲ. ಆದರೆ ಅದರಲ್ಲಿ ಒಂದು ಸಾಲಿನ ಕೆಳಗೆ ಪುಟ್ಟ ಅಕ್ಷರವೊಂದನ್ನು ಇರುಕಿಸಿ ಕೆತ್ತಿದ್ದು ನನ್ನ ಕಣ್ಣಿಗೆ ಬಿದ್ದಿದೆ. ಆ ಕಲ್ಲುಕುಟಿಗನೂ ಮರೆತು ಮುಂದೆ ಹೋಗಿ, ಆಮೇಲೆ ನಾಲಿಗೆ ಕಚ್ಚಿಕೊಂಡಿರಬೇಕು. ನಮ್ಮ ತಪ್ಪಿಗಾದರೆ ಸುಣ್ಣವಿದೆ. ಅವನ ತಪ್ಪು ನೂರಾರು ವರ್ಷ ಅಲ್ಲಿಯೇ ಇದೆ.

ಹೋದ ವರ್ಷ ಬಸ್ ಸ್ಟ್ಯಾಂಡಿನ ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆಯಲು ಹುಬ್ಬಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಹೆಸರು ಸವಿತಾ, ಮೂವತ್ತರ ಆಸುಪಾಸು. ಪ್ಯಾಂಟು, ಮೂಗಿಗೆ ಕಟ್ಟಿದ ಮುಸುಕು, ಹೆಗಲಿಗೆ ಸ್ಪ್ರೇ ಬಣ್ಣದ ಡಬ್ಬಿಗಳ ಚೀಲ. ಆ ಗೋಡೆಯ ಬುಡದಲ್ಲಿ ಗಂಡಸರು ನಿಲ್ಲಬಾರದೆಂದು ಹಿಂದೆ ದೇವರ ಚಿತ್ರ ಬರೆಸಿದ್ದರು. ದೇವರಿಗೂ ಹೆದರದೆ ಹೋದದ್ದರಿಂದ ಈಗ ಅಕ್ಷರ ಬರೆಸುತ್ತಿದ್ದರು.

“ಏನಂತಾರ ಇದಕ್ಕ?” ಎಂದು ಮುದಕಪ್ಪ ಕೇಳಿದ.

“ಗ್ರಾಫಿಟಿ ಅಂತಾರ್ರಿ.”

“ಗಿರಾಕಿ ಫಿಟ್ಟಿ?”

“ಹೂಂನ್ರಿ, ಹಂಗ ಅನ್ರಿ,” ಎಂದು ಅವಳು ನಕ್ಕಳು. ಅಂದಿನಿಂದ ನಮ್ಮಲ್ಲಿ ಅದಕ್ಕೆ ಅದೇ ಹೆಸರು.

ನಾಲ್ಕು ದಿನ ನಾನು ಬೆಂಚು ಬಿಟ್ಟು ಏಳಲಿಲ್ಲ. ನಾವು ಸುಣ್ಣದ ದಾರ ಬಡಿದು ಗೆರೆ ಹಾಕುತ್ತಿದ್ದೆವು, ಎಡಗೈಯಲ್ಲಿ ಕೋಲು ಹಿಡಿದು ಅದರ ಮೇಲೆ ಬಲಗೈ ಊರಿ, ಉಸಿರು ಬಿಗಿಹಿಡಿದು ಬರೆಯುತ್ತಿದ್ದೆವು. ಇವಳು ಗೋಡೆಯನ್ನು ಮುಟ್ಟುವುದೇ ಇಲ್ಲ. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಒಳಗಿನ ಗುಂಡು ಕಟಕಟ ಅನ್ನುವ ತನಕ ಅಲುಗಾಡಿಸುತ್ತಾಳೆ. ಒಂದು ಗೇಣು ದೂರ ನಿಂತು, ಮಣಿಕಟ್ಟಿನಿಂದಲ್ಲ, ಭುಜದಿಂದ ಕೈ ಬೀಸುತ್ತಾಳೆ. ಮೊದಲು ತಿಳಿ ಬಣ್ಣದಲ್ಲಿ ಅಕ್ಷರದ ಎಲುಬು, ಆಮೇಲೆ ದಪ್ಪ ಮೂತಿಯ ಡಬ್ಬಿಯಿಂದ ಮಾಂಸ, ಅದಾದ ಮೇಲೆ ನೆರಳು, ಕಟ್ಟಕಡೆಗೆ ಸಣ್ಣ ಮೂತಿ ಹಚ್ಚಿ ಕಪ್ಪು ಅಂಚು. ಅಂಚು ಎಲ್ಲಾದರೂ ಹೊರಗೆ ಹೋದರೆ ಒರೆಸುವುದಿಲ್ಲ. ಹಿಂದಿನ ಬಣ್ಣವನ್ನೇ ತಂದು ಅದರ ಮೇಲೆ ಹೊಡೆದು ಕತ್ತರಿಸಿದ ಹಾಗೆ ಸರಿ ಮಾಡುತ್ತಾಳೆ. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ತಲೆಕೆಳಗೆ ಹಿಡಿದು ಒಮ್ಮೆ ಬರಿ ಗಾಳಿ ಬಿಡುತ್ತಾಳೆ, ಮೂತಿ ಕಟ್ಟಬಾರದಂತೆ. ನಾನು ಬ್ರಶ್ ತೊಳೆಯಲು ಸೋಮಾರಿತನ ಮಾಡಿ ಹಾಳು ಮಾಡಿದ ಬ್ರಶ್ಶುಗಳ ನೆನಪಾಗಿ ನಾಚಿಕೆಯಾಯಿತು.

ತಾಳೆಗರಿಯ ಮೇಲೆ ಅಡ್ಡಗೆರೆ ಕೊರೆದರೆ ಗರಿ ಸೀಳುತ್ತಿತ್ತು, ಅದಕ್ಕೇ ನಮ್ಮ ಅಕ್ಷರ ಗುಂಡಗಾದವು ಎಂದು ಸಾಲೆಯಲ್ಲಿ ಮಾಸ್ತರು ಹೇಳಿದ್ದರು. ಸವಿತಾಳ ಕೈ ನೋಡಿದಾಗ, ಅವು ಈ ಡಬ್ಬಿಗಾಗಿಯೇ ಗುಂಡಗಾಗಿದ್ದವೋ ಏನೋ ಅನ್ನಿಸಿತು. ಗಾಳಿಗೆ ಮೂಲೆಗಳೆಂದರೆ ಆಗುವುದಿಲ್ಲ, ಸುತ್ತುವುದೇ ಇಷ್ಟ. ಒಂದೇ ತೊಂದರೆಯೆಂದರೆ ನಾಲ್ಕನೆಯ ದಿನಕ್ಕೂ ಅವಳು ಬರೆದದ್ದು ಏನೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಅಕ್ಷರಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಗದಗ ಬಸ್ಸಿನಿಂದ ಇಳಿದ ಒಬ್ಬಳು ಕುಂಬಳದ ಬಳ್ಳಿ ಅಂದಳು.

“ಏನ ಬರದೀಯವಾ ತಂಗಿ?”

“ನಿಮ್ಮೂರ ಹೆಸರ್ರಿ ಅಜ್ಜಾರ. ಅಣ್ಣಿಗೇರಿ.”

“ಓದಾಕ ಬರೂದಿಲ್ಲಲ್ಲ?”

“ಊರಾಗ ಇರೂ ಮಂದಿಗೆ ಊರ ಹೆಸರ ಓದೂದು ಯಾಕ ಬೇಕ್ರಿ? ನೋಡಿದ್ರ ಸಾಕಲ್ಲ?”

ಅವಳು ಚಹಾ ಕುಡಿಯುತ್ತ ತಮ್ಮ ಕಸುಬಿನ ಕಟ್ಟಳೆ ಹೇಳಿದಳು. ಅವರಲ್ಲಿ ಪ್ರತಿಯೊಬ್ಬರಿಗೂ ಒಂದು ಕೈ ಇರುತ್ತದಂತೆ. ಹೆಸರು ಬರೆಯದಿದ್ದರೂ ನೋಡಿದವರು ಇದು ಇಂಥವರದೇ ಅನ್ನುತ್ತಾರಂತೆ. ಮತ್ತೊಬ್ಬರ ಗೋಡೆಯ ಮೇಲೆ ಬಣ್ಣ ಬಳಿದರೆ ಜಗಳ, ಒಂದು ವಾರಕ್ಕೆ ಮರೆತುಹೋಗುತ್ತದೆ. “ಆದ್ರ ಇನ್ನೊಬ್ರ ಕೈ ಕದೀಬಾರದ್ರಿ,” ಎಂದಳು. “ಹಂಗ ಮಾಡಿದವ್ರ ಬಾಜು ನಮ್ಮೋರು ಯಾರೂ ನಿಂದ್ರೂದಿಲ್ಲ.”

ನಾನು ಚಹಾದ ಕಪ್ಪು ಕೆಳಗಿಟ್ಟೆ. ಈಗ ನಿಮಗೆ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ.

ಇಪ್ಪತ್ತೆರಡು ವರ್ಷದ ಕೆಳಗೆ ನಮ್ಮೂರಲ್ಲಿ ಇಬ್ಬರು ಪೇಂಟರ್‌ಗಳಿದ್ದೆವು. ನಾನೊಬ್ಬ, ಫಕೀರಪ್ಪನೊಬ್ಬ. ಒಬ್ಬ ಗುರುವಿನ ಕೈಯಲ್ಲೇ ಕಲಿತವರು, ಒಂದೇ ನಿಚ್ಚಣಿಕೆಯನ್ನು ಹಂಚಿಕೊಂಡವರು. ಫಕೀರಪ್ಪನ ಕೈಯಲ್ಲಿ ಒಂದು ಗುಟ್ಟಿತ್ತು. ಅವನು ಯಾವ ಒತ್ತಕ್ಷರ ಬರೆದರೂ ಅದರ ಕೊನೆಗೆ ಒಂದು ಬಾಲ ಬರುತ್ತಿತ್ತು. ನೆನೆಹಾಕಿದ ಕಡಲೆಗೆ ಮೊಳಕೆ ಒಡೆಯುವ ಹಾಗೆ ಚೂರು ಬಲಕ್ಕೆ ಹೋಗಿ ಮೇಲಕ್ಕೆ ಎದ್ದ ಬಾಲ. ಓಡುವ ಬಸ್ಸಿನಿಂದ ನೋಡಿದವರೂ “ಇದು ಫಕೀರಪ್ಪಂದು” ಅನ್ನುತ್ತಿದ್ದರು. ನನ್ನದನ್ನು ನೋಡಿ ಯಾರೂ ಏನೂ ಅನ್ನುತ್ತಿರಲಿಲ್ಲ. ಸಿಮೆಂಟಿನ ಹೆಸರನ್ನು ಓದಿ ಮುಂದೆ ಹೋಗುತ್ತಿದ್ದರು.

ಅವನಲ್ಲಿ ಇನ್ನೊಂದು ಹೆಚ್ಚುಗಾರಿಕೆಯಿತ್ತು. ನಮ್ಮ ಕಡೆ ಬಾಯಲ್ಲಿ ಎಕಾರ ನಿಲ್ಲುವುದಿಲ್ಲ. ಬೇಳೆ ಬೇಳಿಯಾಗುತ್ತದೆ, ಕಡಲೆ ಕಡಲಿಯಾಗುತ್ತದೆ. ಅವನು ಬಾಯಲ್ಲಿ ಕಡಲಿ ಅಂದರೂ ಗೋಡೆಯ ಮೇಲೆ ಕಡಲೆ ಎಂದೇ ಬರೆಯುತ್ತಿದ್ದ. ನಾನು ಏತ್ವ ಇರಬೇಕಾದಲ್ಲಿ ಗುಡಿಸು ಹಾಕಿ, ಅಂದದ್ದನ್ನೇ ಬರೆದುಬಿಡುತ್ತಿದ್ದೆ. “ಏತ್ವ ಹಾಕಲೇ ಚನ್ನ್ಯಾ! ಕಂಡಲ್ಲೆಲ್ಲ ಗುಡಿಸಾಕ ಇದೇನ ನಿಮ್ಮ ಮನಿ ಅಂಗಳೇನ?” ಎಂದು ನಿಚ್ಚಣಿಕೆಯ ಕೆಳಗಿನಿಂದ ಚೀರುತ್ತಿದ್ದ. ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗೆಯೇ ಒಳಗೆ ಹುಳಿಯಾಯಿತು ಎಂದು ಕಾಣುತ್ತದೆ.

ಪೇಟೆಯಲ್ಲಿ ಒಬ್ಬ ಕಾಳಿನ ಸಾಹುಕಾರರು ರಸ್ತೆಯ ಪಕ್ಕಕ್ಕೆ ದೊಡ್ಡ ಗೋಡಾನು ಕಟ್ಟಿಸಿದರು. ಊರಿಗೆಲ್ಲ ಉದ್ದವಾದ ಗೋಡೆ. ಅದನ್ನು ಬರೆಯುವ ಕೆಲಸ ಫಕೀರಪ್ಪನಿಗೆ ಕೊಟ್ಟರು. ನಾನು ಆ ವಾರ ಹುಬ್ಬಳ್ಳಿಗೆ ಹೋಗಿ, ಮೋಟರ್ ಸೈಕಲ್ಲಿಗೆ ಹೊಡೆಯುವ ಕಪ್ಪು ಸ್ಪ್ರೇ ಡಬ್ಬಿಯೊಂದನ್ನು ತಂದೆ. ಮನೆಯಲ್ಲಿ ಹಳೆಯ ಪೇಪರಿನ ಮೇಲೆ ಅವನ ಬಾಲವನ್ನು ತಿದ್ದಿದೆ. ಎರಡು ದಿನದಲ್ಲಿ ಬಂತು. ಇಷ್ಟು ಸುಲಭವಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಒಂದು ದಿನ ನಸುಕಿನಲ್ಲಿ, ಹಾಲಿನವರು ಏಳುವ ಮೊದಲು ಹೋಗಿ, ಆ ಹೊಸ ಗೋಡೆಯ ಮೇಲೆ ‘ಇಲ್ಲಿ ಕಡಲೆ ತೂಕ ಸುಳ್ಳು’ ಎಂದು ಬರೆದು ಬಂದೆ. ಸಾಹುಕಾರರ ತಕ್ಕಡಿಯಲ್ಲಿ ದೋಷವಿರಲಿಲ್ಲ. ಸುಳ್ಳು ಇದ್ದದ್ದು ನನ್ನ ಕೈಯಲ್ಲಿ.

ಬೆಳಗ್ಗೆ ಗೋಡೆಯ ಮುಂದೆ ಪೇಟೆಯೇ ನೆರೆದಿತ್ತು. ನಾನೂ ಕೈಯಲ್ಲಿ ಚಹಾ ಹಿಡಿದು ಹೋಗಿ ನಿಂತೆ. ಎರಡು ಬಾಲಗಳು ಬಿಸಿಲಿಗೆ ಮಿಂಚುತ್ತಿದ್ದವು, ಅಗದಿ ಫಕೀರಪ್ಪನವೇ. ಆಮೇಲೆ ನಡುವಿನ ಅಕ್ಷರ ಕಂಡಿತು. ಬಾಲದ ಮೇಲೆಯೇ ಎಲ್ಲ ಗಮನವಿಟ್ಟು ನಾನು ‘ಕಡಲೆ’ಯನ್ನು ‘ಕಡಲಿ’ ಎಂದು ಬರೆದಿದ್ದೆ.

ನೆರೆದವರು ಯಾರೂ ಅದನ್ನು ಗಮನಿಸಲಿಲ್ಲ. ಎಲ್ಲರೂ ಕಡಲಿ ಅನ್ನುವವರೇ. ಅವರ ಕಣ್ಣಿಗೆ ಅದು ತಪ್ಪೇ ಅಲ್ಲ. ಆ ತಪ್ಪನ್ನು ಕಾಣುವವರು ಊರಲ್ಲಿ ಇಬ್ಬರೇ ಇದ್ದೆವು. ಇನ್ನೊಬ್ಬನನ್ನು ಅಷ್ಟರಲ್ಲಿ ಕರೆತಂದರು.

“ಫಕೀರಪ್ಪಾ, ಇದ ಯಾರ ಅಕ್ಷರ?” ಎಂದು ಸಾಹುಕಾರರು ಕೇಳಿದರು.

ಅವನು ಬಹಳ ಹೊತ್ತು ನೋಡಿದ. “ಅಕ್ಷರ ನಂದ ಐತ್ರಿ. ಕೈ ನಂದಲ್ಲ.”

“ಕೈ ಇವಂದಲ್ಲಂತ! ಹಂಗಾರ ಕಾಲಿಲೆ ಬರದ್ಯೇನಲೇ?” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

ಆ ‘ಲಿ’ಯ ಕಡೆ ಬೆರಳು ತೋರಿಸಿ ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಸುಣ್ಣದ ಬಕೀಟು, ಕುಂಚ ತರಿಸಿದ. ಗೋಡೆ ಅಳಿಸುವವರು ಯಾರೇ ಆಗಲಿ ಎಡಗಡೆಯಿಂದ ಶುರು ಮಾಡುತ್ತಾರೆ. ಫಕೀರಪ್ಪ ನೇರವಾಗಿ ನಡುವಿಗೆ ಹೋಗಿ ಮೊದಲು ಆ ‘ಲಿ’ಯನ್ನು ಅಳಿಸಿದ. ಆಮೇಲೆ ಉಳಿದದ್ದು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಅವನು ತನ್ನ ಸಾಕ್ಷಿಯನ್ನು ತಾನೇ ಸುಣ್ಣದಲ್ಲಿ ಮುಳುಗಿಸಿದ್ದನ್ನು ನೋಡಿದವನು ನಾನೊಬ್ಬನೇ.

ಪೇಟೆಯಲ್ಲಿ ಅವನಿಗೆ ಮತ್ತೆ ಯಾರೂ ಗೋಡೆ ಕೊಡಲಿಲ್ಲ. ಆ ಉದ್ದನೆಯ ಗೋಡೆ ನನಗೇ ಬಂತು. ಏತ್ವಗಳನ್ನೆಲ್ಲ ಸರಿಯಾಗಿ ಹಾಕಿ ಬರೆದೆ. ಎರಡು ತಿಂಗಳಿಗೆ ಫಕೀರಪ್ಪ ಹೆಂಡತಿಯ ತವರಾದ ದೇವಿಕೊಪ್ಪಕ್ಕೆ ಹೊರಟುಹೋದ. ಪಾತ್ರೆಯ ಚೀಲ, ಟ್ರಂಕು ಹೊತ್ತು ಅವನು ಬಸ್ ಸ್ಟ್ಯಾಂಡಿಗೆ ಬಂದಾಗ ನಾನು ಓಡಿಹೋಗಿ ಕ್ಷೌರದ ಅಂಗಡಿ ಹೊಕ್ಕೆ. ಹಿಂದಿನ ದಿನವೇ ಕ್ಷೌರ ಮಾಡಿಸಿಕೊಂಡಿದ್ದೆ. ಕ್ಷೌರಿಕ ನನ್ನ ತಲೆಯನ್ನು ಎರಡೂ ಕಡೆಯಿಂದ ನೋಡಿ, “ಏನ ತಗೀಲ್ರಿ?” ಎಂದು ಕೇಳಿದ. ಬಸ್ಸು ಹೋಗುವ ತನಕ ನಾನು ಉತ್ತರ ಹೇಳಲಿಲ್ಲ.

ಇಷ್ಟೆಲ್ಲವನ್ನು ನಾನು ಸವಿತಾಳಿಗೆ ಹೇಳಿದೆನೆಂದು ತಿಳಿಯಬೇಡಿ. ಅಷ್ಟು ಧೈರ್ಯ ನನಗೆಲ್ಲಿ? ಕೊನೆಯ ದಿನ ಗೋಡೆಯ ತುದಿಯಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಅವಳು ಸಣ್ಣ ಮೂತಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, “ನಿಮ್ಮ ಹೆಸರ ಬರೀರಿ ಅಜ್ಜಾರ,” ಎಂದಳು. ಬೇಡ ಬೇಡ ಎನ್ನುತ್ತಲೇ ಎದ್ದೆ. ‘ಚನ್ನಪ್ಪ’ ಎಂದು ಬರೆದೆ. ಭುಜದಿಂದ ಕೈ ಬೀಸಲು ಬರಲಿಲ್ಲ, ಎರಡು ಕಡೆ ಬಣ್ಣ ಸೋರಿತು. ಆದರೂ ನಕಾರದ ಒತ್ತಿಗೊಂದು, ಪಕಾರದ ಒತ್ತಿಗೊಂದು ಬಾಲ ಬಂದು ಮೇಲಕ್ಕೆ ಎದ್ದು ನಿಂತವು.

ಅವಳು ಹತ್ತಿರ ಬಂದು ನೋಡಿದಳು. “ಏ, ಭಾಳ ಚಲೋ ಐತ್ರಿ ಇದು! ಈ ಬಾಲ ನಿಮ್ಮದೇನ್ರಿ?”

ನನ್ನ ಹೆಸರಿನಲ್ಲಿ ಸ್ವಂತದ್ದೆಂದು ತೋರಿಸಲು ಬೇರೆ ಏನಿತ್ತು ಎಂದು ನಾನೂ ನೋಡಿದೆ. ಕದ್ದವನಿಗೆ ಲಾಭವಾಗುತ್ತದೆ ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನದೆಂಬ ಕೈ ಎಲ್ಲಿಯೋ ಹೋಗಿ, ಅವನದೇ ಉಳಿದಿತ್ತು.

“ಅಲ್ಲವಾ. ಒಬ್ಬ ಗೆಳ್ಯಾಂದು.”

“ಕೇಳಿ ತೊಗೊಂಡಿದ್ರಿ?”

“ಇಲ್ಲ.”

ಅವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಇದ್ದಾರೇನ್ರಿ ಅವರು?”

“ಇದ್ದಾನಂತ.”

“ಹಂಗಾರ ಹೋಗಿ ಕೇಳ್ರಲ್ಲ,” ಎಂದಳು. ಅಂಗಡಿಗೆ ಹೋಗಿ ಉಪ್ಪು ತಾ ಎಂದು ಹೇಳಿದಷ್ಟು ಸುಲಭವಾಗಿ.

ಮರುದಿನ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಕಲಘಟಗಿ ದಾಟಿ ಹೋಗುವ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಮಾತು ಹೊಂದಿಸಿದೆ. ಅವನೊಬ್ಬನೇ ಇದ್ದಾಗ, ಹತ್ತಿರ ಕೂತು, ಮೆಲ್ಲಗೆ ಎರಡೇ ಮಾತಿನಲ್ಲಿ ಹೇಳಬೇಕು. ಕಿವಿಯಲ್ಲಿ ಹೇಳಿದರೂ ಆದೀತು. ಬೈದರೆ ಬೈಯಲಿ, ಮನೆಯವರ ಎದುರಿಗೆ ಬೇಡ. ಪಶ್ಚಾತ್ತಾಪಕ್ಕೆ ಹೊರಟವನಿಗೂ ಮರ್ಯಾದೆಯ ಚಿಂತೆ ಎಷ್ಟಿರುತ್ತದೆ ನೋಡಿ.

ಫಕೀರಪ್ಪ ಕಟ್ಟೆಯ ಮೇಲೆ ಕೂತಿದ್ದ. ಮೈ ಇಳಿದಿತ್ತು, ಎರಡೂ ಕೈ ಮಡಿಲಲ್ಲಿ ನಡುಗುತ್ತಿದ್ದವು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

“ಯಾರಂವಾ? ಚನ್ನ್ಯಾ ಏನಲೇ? ಇನ್ನೂ ಇದ್ದೀ?”

“ಅದೀನೋ.”

“ಏನಂದಿ? ಜೋರ ಮಾತಾಡ. ಕಿವಿ ಹೋಗ್ಯಾವ.”

ಅವನ ಸೊಸೆ ಶಾಂತವ್ವ ನೀರು ತಂದಿಟ್ಟು ಬಾಗಿಲಲ್ಲೇ ನಿಂತಳು. ಓಣಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿದ್ದರು. ನಾನು ಅವನ ಪಕ್ಕಕ್ಕೆ ಕೂತು ಅವನ ಕಿವಿಗೆ ಬಾಯಿ ತಂದೆ.

“ಆ ಗ್ವಾಡಿ ಮ್ಯಾಲ ಬರದಾಂವ ನಾನು.”

“ಗ್ವಾಡಿ ಬಿತ್ತಾ? ಯಾರದು?”

“ಬೀಳಲಿಲ್ಲೋ! ಸಾಹುಕಾರ್ರ ಗ್ವಾಡಿ! ಅವತ್ತ ಅಲ್ಲಿ ಬರದಾಂವ ನಾನು!”

“ಸಾಹುಕಾರ್ರು ಬರ್ತಾರ? ಇಲ್ಲಿಗ್ಯಾಕ ಬರ್ತಾರ?”

ಬಟ್ಟೆ ಒಗೆಯುವ ಸಪ್ಪಳ ನಿಂತಿತು. ನಾನು ಎದ್ದು ನಿಂತೆ. ಇನ್ನು ಮರ್ಯಾದೆ ಉಳಿಸಿಕೊಳ್ಳುವ ಉಪಾಯವೇ ಇರಲಿಲ್ಲ. ಹೊಟ್ಟೆಯಿಂದ ಉಸಿರು ತಂದು ಕೂಗಿದೆ.

“ಅಣ್ಣಿಗೇರ್ಯಾಗ ನಿನ್ನ ಅಕ್ಷರ ಕದ್ದು ಸುಳ್ಳ ಬರದಾಂವ ನಾನೋ! ನಿನ್ನ ಊರ ಬಿಡಿಸಿದಾಂವ ನಾನು! ತಪ್ಪಾತೋ ಫಕೀರಪ್ಪಾ! ತಪ್ಪಾತು!”

ಎದುರು ಮನೆಯ ಬಾಗಿಲು ತೆರೆಯಿತು. ಕಟ್ಟಿದ್ದ ಎಮ್ಮೆ ಕೂಡ ಮೇವು ಬಿಟ್ಟು ತಲೆಯೆತ್ತಿತು. ಫಕೀರಪ್ಪ ಓಣಿಯ ಆ ತುದಿಯಿಂದ ಈ ತುದಿಯ ತನಕ ನಿಧಾನಕ್ಕೆ ನೋಡಿದ. ಎಲ್ಲರಿಗೂ ಮುಟ್ಟಿದೆಯೋ ಇಲ್ಲವೋ ಎಂದು ಎಣಿಸುವವನ ಹಾಗೆ.

“ಹೂಂ,” ಎಂದ. “ಈಗ ಕೇಳಸ್ತು. ಕುಂದರು.”

ಕೂತೆ. “ಅವತ್ತ ಯಾಕ ಹೇಳಲಿಲ್ಲೋ ನೀನು?”

“ಹೇಳಿದ್ರ ಏನಾಗ್ತಿತ್ತು? ನನ್ನ ಮ್ಯಾಲಿನ ಸಂಶೇ ಪೂರಾ ಹೋಗ್ತಿರಲಿಲ್ಲ, ನಿನ್ನನ್ನೂ ಓಡಸ್ತಿದ್ರು. ಇಬ್ರೂ ಹೋದ್ರ ಊರ ಗ್ವಾಡಿ ಯಾರ ಬರೀಬೇಕಲೇ?”

ನಾನು ತಲೆ ತಗ್ಗಿಸಿದೆ. ಅವನು ಹೋದ ಮೂರೇ ವರ್ಷಕ್ಕೆ ಫ್ಲೆಕ್ಸ್ ಬಂದು, ಅವನು ಕಾಪಾಡಿ ಬಿಟ್ಟುಹೋಗಿದ್ದ ಗೋಡೆಗಳನ್ನೆಲ್ಲ ಮುಚ್ಚಿತ್ತು. ಅದನ್ನು ಕೂಗಿ ಹೇಳುವ ಶಕ್ತಿ ನನಗಿರಲಿಲ್ಲ.

“ನಿನ್ನ ಬಾಲ ಇನ್ನೂ ನನ್ನ ಕೈಯಾಗ ಐತೋ,” ಎಂದು ಮಾತ್ರ ಜೋರಾಗಿ ಹೇಳಿದೆ. “ಏನ ಮಾಡ್ಲಿ?”

ಅವನು ನಡುಗುವ ತನ್ನ ಕೈಗಳನ್ನು ನೋಡಿಕೊಂಡ. “ಇಟ್ಕೋ. ನನ್ನ ಕೈಯಾಗ ಈಗ ಗೆರಿನೂ ನೆಟ್ಟಗ ಬರೂದಿಲ್ಲ. ಆದ್ರ ಏತ್ವ ಹಾಕಲೇ ಮಗನ, ಗುಡಿಸಬ್ಯಾಡ.” ಆಮೇಲೆ ಒಳಗೆ ತಿರುಗಿ, “ಶಾಂತವ್ವಾ, ಇಂವಗ ರೊಟ್ಟಿ ಕೊಡವಾ,” ಎಂದ. ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾನು ಎರಡು ರೊಟ್ಟಿ ತಿಂದೆ. ಅವನು ಪೂರ್ತಿ ಹೊತ್ತು ನನ್ನ ತಾಟನ್ನೇ ನೋಡುತ್ತ ಕೂತಿದ್ದ.

ಹೊರಟಾಗ ಶಾಂತವ್ವ ಬಸ್ಸು ನಿಲ್ಲುವ ಜಾಗ ತೋರಿಸಲು ಜೊತೆಗೆ ಬಂದಳು. ಓಣಿಯ ಜನ ನನ್ನನ್ನು ನೋಡುವ ರೀತಿ ಬೆನ್ನಿಗೆ ತಾಗುತ್ತಿತ್ತು. ಏನಾದರೂ ಮಾತನಾಡಬೇಕಲ್ಲ ಎಂದು, “ಇವನ ಕಿವಿ ಯಾವಾಗ ಹೋದ್ವು ಯವ್ವಾ?” ಎಂದು ಕೇಳಿದೆ.

ಅವಳು ನಡೆಯುವುದನ್ನು ನಿಲ್ಲಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಮಾವಾರ ಕಿವಿಗೇನೂ ಆಗಿಲ್ರಿ ಕಾಕಾರ. ಹೆಂಚಿನ ಮ್ಯಾಲ ಬೆಕ್ಕ ನಡದ್ರ ಎದ್ದ ಕುಂದರ್ತಾರ.”

ಹಿಂದಿರುಗಿ ನೋಡಿದೆ. ಕಟ್ಟೆ ದೂರವಾಗಿತ್ತು. ಫಕೀರಪ್ಪ ಬೆನ್ನನ್ನು ಗೋಡೆಗೆ ಆನಿಸಿ, ಕಣ್ಣು ಮುಚ್ಚಿ, ಆರಾಮಾಗಿ ಬಿಸಿಲು ಕಾಯಿಸುತ್ತಿದ್ದ. ವಾಪಸ್ ಹೋಗಿ ಬೈದು ಬರಲೇ ಅನ್ನಿಸಿತು. ಆದರೆ ಊರಿಗೆ ಕಾಣುವ ಹಾಗೆ ಬರೆದದ್ದನ್ನು ಕಿವಿಯಲ್ಲಿ ಹೇಳಿ ಅಳಿಸಲು ಹೊರಟಿದ್ದವನು ನಾನು. ಅಳತೆ ತಪ್ಪಿದ್ದು ನನ್ನದೇ. ಅವನು ಯಾವಾಗಲೂ ಅಳತೆ ಬಲ್ಲವನು.

ಬಸ್ಸು ಬಂತು. ಕಂಡಕ್ಟರ್ “ಎಲ್ಲಿಗ್ರಿ?” ಎಂದ. ಹುಬ್ಬಳ್ಳಿ ಎಂದೆ ಅಂದುಕೊಂಡೆ, ಅಷ್ಟೆ. ಕೂಗಿ ಕೂಗಿ ಗಂಟಲು ಕಟ್ಟಿಹೋಗಿ, ಬರಿ ಗಾಳಿ ಹೊರಗೆ ಬಂತು.

“ಜೋರ ಹೇಳ್ರಿ ಅಜ್ಜಾರ, ಕೇಳಸವಲ್ತು.”

ನನಗೆ ನಗು ಬಂತು. ನಗುವುದಕ್ಕೂ ದನಿ ಇರಲಿಲ್ಲ. ಎದುರಿಗೆ ಕೂತ ಮುದುಕಿಯೊಬ್ಬಳು, “ಪಾಪ, ಮೂಕ ಅದಾನ, ಕೊನಿ ಸ್ಟಾಪಿಗೆ ಕೊಟ್ಟ ಬಿಡಪಾ,” ಎಂದು ನನ್ನ ಪರವಾಗಿ ಮಾತನಾಡಿ, ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟಳು.